ಮಂಡಿ ಆಪರೇಶನ್ ಮಾಡಿಸಬೇಕೋ ಬೇಡವೋ: ಎರಡೂ ಕಡೆಯ ಅಪಾಯ ಎಣಿಸಿ ನೋಡೋಣ

"ಸಂದು ಪೂರ್ತಿ ಸವೆದಿದೆ, ಬದಲಾಯಿಸಬೇಕು" ಎಂದು ಡಾಕ್ಟರು ಹೇಳಿದರೆ ಸಾಕು, ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಬೆಂಗಳೂರಿನಲ್ಲಿರುವ ಮಗ ಬೇಗ ಮಾಡಿಸೋಣ ಅನ್ನುತ್ತಾನೆ. ಪಕ್ಕದ ಮನೆಯವರು ಯಾರಿಗೋ ಕೀವಾಗಿ ಮತ್ತೆ ಕೊಯ್ದ ಕತೆ ಹೇಳುತ್ತಾರೆ. ಇನ್ನೊಬ್ಬರು, ಆಪರೇಶನ್ ಆಗಿ ಕೆಲವೇ ತಿಂಗಳಿಗೆ ಇಡಗುಂಜಿ ಗಣಪತಿ ದೇವಸ್ಥಾನಕ್ಕೆ ಹೋಗಿ ಸಾಲಿನಲ್ಲಿ ನಿಂತು ಬಂದವರ ಕತೆ ಹೇಳುತ್ತಾರೆ. ಎರಡೂ ನಿಜವೇ ಇರಬಹುದು. ಆದರೆ ನಿಮ್ಮ ಮಂಡಿಯ ಗತಿ ಏನಾಗುತ್ತದೆ ಅಂತ ಅವು ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಎರಡೂ ನಿರ್ಧಾರ ಆಗಿವೆ. ಆಯಿ (ಅಮ್ಮ) ಮಾಡಿಸಿಕೊಂಡಳು. ಸೋದರಮಾವ ಬೇಡ ಅಂದರು. ಇಬ್ಬರದ್ದೂ ಸರಿ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಗ ಗಮನಿಸಿದ ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಬೇಕು. ಮಾಡಿಸಿದರೆ ಏನೇನು ತೊಂದರೆ ಆಗಬಹುದು ಅಂತ ಎಲ್ಲರೂ ಬೆರಳು ಮಡಚಿ ಎಣಿಸುತ್ತಾರೆ. ಮಾಡಿಸದೆ ಇದ್ದರೆ ಏನಾಗುತ್ತದೆ ಅಂತ ಎಣಿಸುವವರು ಕಡಿಮೆ. ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕಿಡ್ನಿಗೆ, ಹೊಟ್ಟೆಗೆ ಪೆಟ್ಟು. ನಡೆಯದೆ ಕೂತರೆ ತೂಕ, ಸಕ್ಕರೆ, ಬಿಪಿ ಏರುತ್ತವೆ. ತೊಡೆಯ ಸ್ನಾಯು ಸೊರಗುತ್ತದೆ, ಬೀಳುವ ಸಂಭವ ಜಾಸ್ತಿಯಾಗುತ್ತದೆ. ಇವನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ ಹೋಲಿಕೆ ಶುರುಮಾಡೋಣ.

ಮೊದಲು ನೋವು ಎಲ್ಲಿಂದ ಬರುತ್ತಿದೆ ನೋಡಿ

ಸೊಂಟದ ಸಂದು ಕೆಟ್ಟರೂ ಮಂಡಿ ನೋಯುತ್ತದೆ. ಬೆನ್ನಿನ ನರ ಒತ್ತಿದರೂ ನೋವು ಮಂಡಿಯವರೆಗೆ ಇಳಿಯುತ್ತದೆ. ಹಾಗಾಗಿ ಡಾಕ್ಟರು ಸೊಂಟವನ್ನೂ ತಿರುಗಿಸಿ ನೋಡಿದರಾ ಅಂತ ಗಮನಿಸಿ. ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿ ತೆಗೆಸಿದರೆ ಸಂದಿನ ಅಂತರ ಎಷ್ಟು ಕಡಿಮೆಯಾಗಿದೆ ಅಂತ ಸರಿಯಾಗಿ ತಿಳಿಯುವುದಿಲ್ಲ.

ಇನ್ನೊಂದು ಮಾತು. ಎಕ್ಸ್‌ರೇಯಲ್ಲಿ "ನಾಲ್ಕನೇ ಗ್ರೇಡ್" (ಸವೆತದ ಕೊನೆಯ ಹಂತ) ಅಂತ ಬರೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ಎರಡನೇ ಗ್ರೇಡಿಗೇ ನರಳುವವರೂ ಇದ್ದಾರೆ. ಫಿಲ್ಮ್ ನೋಡಿ ಮಾತ್ರ ಆಪರೇಶನ್ ನಿರ್ಧರಿಸಬಾರದು. ಸವೆತ ಕಡಿಮೆಯಿದ್ದು ನೋವು ಜಾಸ್ತಿ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಆಪರೇಶನ್ ಆದ ಮೇಲೂ ಸಮಾಧಾನ ಕಾಣದವರು ಇಂಥವರಲ್ಲೇ ಹೆಚ್ಚು.

ಆಪರೇಶನ್ ಇಲ್ಲದ ದಾರಿ

ಇದನ್ನು "ಸುಮ್ನೆ ಇರುವುದು" ಅಂತ ತಿಳಿದರೆ ಕೆಲಸ ಆಗುವುದಿಲ್ಲ. ಇದಕ್ಕೂ ದುಡಿಮೆ ಬೇಕು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು, ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ತೂಕ ಇಳಿಸುವುದು ಇಲ್ಲಿ ದೊಡ್ಡ ಮದ್ದು. ಮೈಯಿಂದ ಒಂದು ಕಿಲೋ ಇಳಿದರೆ, ಇಡುವ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಕೋಲು ಹಿಡಿಯುವುದಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನಮ್ಮಲ್ಲಿ ಹೆಚ್ಚಿನವರು ನೋಯುವ ಕಡೆಗೇ ಹಿಡಿಯುತ್ತಾರೆ.

ಮಾತ್ರೆಗಿಂತ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಬಹುದು. ಮಂಡಿಯ ನೋವಿಗೆ ಅದು ಸಾಕಷ್ಟು ಕೆಲಸ ಮಾಡುತ್ತದೆ, ಹೊಟ್ಟೆ–ಕಿಡ್ನಿಗೆ ತೊಂದರೆಯೂ ಕಡಿಮೆ. ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಕೆಲವು ವಾರ ಆರಾಮ ಸಿಗುತ್ತದೆ. ಮನೆಯಲ್ಲಿ ಮದುವೆ ಇದೆ, ಅಷ್ಟು ದಿನ ಓಡಾಡಲೇಬೇಕು ಅನ್ನುವವರಿಗೆ ಸರಿ. ಆದರೆ ಅದಾಗಿ ಮೂರು ತಿಂಗಳೊಳಗೆ ಮಂಡಿ ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚು. ಆಪರೇಶನ್ ಮನಸ್ಸಿನಲ್ಲಿದ್ದರೆ ಇಂಜೆಕ್ಷನ್ ಚುಚ್ಚಿಸುವ ಮೊದಲೇ ಹೇಳಿಬಿಡಿ. ಮಂಡಿಯ ಎಣ್ಣೆ ಹೆಚ್ಚಿಸುತ್ತದೆ ಅಂತ ಕೊಡುವ ದುಬಾರಿ ಜೆಲ್ ಇಂಜೆಕ್ಷನ್ನನ್ನು ಎಲ್ಲರಿಗೂ ಕೊಡಬೇಕು ಅಂತ ಅಮೆರಿಕದ ಮೂಳೆ ತಜ್ಞರ ಸಂಘವೂ ಹೇಳುವುದಿಲ್ಲ. ಸವೆದ ಮಂಡಿಯನ್ನು ದುರ್ಬೀನಿನಿಂದ ತೊಳೆದು ಸರಿಮಾಡುತ್ತೇವೆ ಅಂದರೆ ನಾನಂತೂ ಒಪ್ಪುವುದಿಲ್ಲ. ಸವೆತದ ನೋವಿಗೆ ಅದರಿಂದ ಉಪಯೋಗ ಇಲ್ಲ ಅಂತ 2002ರಲ್ಲೇ ಒಳ್ಳೆಯ ಅಧ್ಯಯನ ತೋರಿಸಿದೆ.

ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ, ಗುಳಿಗೆ ಬೇಡವೇ ಬೇಡ. ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಬರಬೇಕು. ಅದರಿಂದ ಸಕ್ಕರೆ ಏರುತ್ತದೆ, ಮೂಳೆ ಸೊರಗುತ್ತದೆ. ನಾಳೆ ಆಪರೇಶನ್ ಬೇಕಾದರೂ ಅಪಾಯ ಹೆಚ್ಚು.

ಹಾಗಾದರೆ ಎರಡು ದಾರಿಗಳನ್ನು ಎದುರುಬದುರು ಇಟ್ಟು ನೋಡಿದವರು ಯಾರಾದರೂ ಇದ್ದಾರಾ? ಇದ್ದಾರೆ. ಡೆನ್ಮಾರ್ಕಿನಲ್ಲಿ 100 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಶನ್ನಿನ ಜತೆ ವ್ಯಾಯಾಮ, ಪಥ್ಯ, ಔಷಧಿ. ಇನ್ನೊಂದಕ್ಕೆ ಆಪರೇಶನ್ ಇಲ್ಲದೆ ಉಳಿದದ್ದೆಲ್ಲ. 2015ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಬಳಿಕ ಆಪರೇಶನ್ ಆದವರಲ್ಲಿ ನೂರಕ್ಕೆ 85 ಮಂದಿಗೆ ಗಣನೀಯ ಸುಧಾರಣೆ. ಆಗದವರಲ್ಲೂ ನೂರಕ್ಕೆ 67 ಮಂದಿಗೆ ಸುಧಾರಣೆ. ಆಪರೇಶನ್ ಆದವರಿಗೆ ಸರಾಸರಿ ಸಿಕ್ಕ ಆರಾಮ ಸುಮಾರು ಎರಡು ಪಟ್ಟು. ಆದರೆ ಗಂಭೀರ ತೊಂದರೆಗಳೂ ಆಪರೇಶನ್ ಆದ ಗುಂಪಿನಲ್ಲಿ 24, ಆಗದ ಗುಂಪಿನಲ್ಲಿ 6. ವ್ಯಾಯಾಮದ ಗುಂಪಿನ ನಾಲ್ಕನೇ ಒಂದು ಭಾಗದವರು ವರ್ಷದೊಳಗೇ ಆಪರೇಶನ್ ಬೇಕು ಅಂತ ಕೇಳಿ ಮಾಡಿಸಿಕೊಂಡರು. ಉಳಿದವರು ಆ ವರ್ಷ ಅದಿಲ್ಲದೇ ದಾಟಿದರು.

ನನಗೆ ಇದರಲ್ಲಿ ಎರಡು ಮಾತು ಕೇಳಿಸುತ್ತವೆ. ವ್ಯಾಯಾಮದ ದಾರಿಯನ್ನು ಪ್ರಾಮಾಣಿಕವಾಗಿ ತುಳಿಯದೆ ಆಪರೇಶನ್ನಿಗೆ ಹೋಗಬೇಡಿ. ತುಳಿದ ಮೇಲೂ ಆಗದಿದ್ದರೆ, ಹೆದರಿಕೆಯೊಂದಕ್ಕೇ ವರ್ಷಗಟ್ಟಲೆ ನರಳಬೇಡಿ.

ಭಯಗಳನ್ನು ಒಂದೊಂದಾಗಿ ಬಿಡಿಸಿದರೆ

ಕಾಲನ್ನೇ ಕತ್ತರಿಸಿ ಹೊಸದು ಕೂಡಿಸುತ್ತಾರೆ ಅಂತ ಈಗಲೂ ನಂಬಿದವರಿದ್ದಾರೆ. ಹಾಗಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲು ಮೂಳೆಯ ಮೇಲ್ತುದಿಯಿಂದ ಸುಮಾರು ಒಂದು ಸೆಂಟಿಮೀಟರಿನಷ್ಟು ಸವೆದ ಭಾಗ ತೆಗೆದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಒಂದರಿಂದ ಎರಡು ಗಂಟೆಯ ಕೆಲಸ. ಅದೇ ದಿನ ಅಥವಾ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ.

ಸಾವಿನ ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಆಪರೇಶನ್ನಿನ ನಂತರದ ಮೂರು ತಿಂಗಳಲ್ಲಿ ಸಾಯುವವರು ಸಾವಿರಕ್ಕೆ ಎರಡು–ಮೂರು ಮಂದಿ. ಹೃದಯ, ಶ್ವಾಸಕೋಶ, ಕಿಡ್ನಿ ಮೊದಲೇ ದುರ್ಬಲ ಇದ್ದವರಿಗೆ ಇದಕ್ಕಿಂತ ಜಾಸ್ತಿ, ಗಟ್ಟಿ ಇದ್ದವರಿಗೆ ಕಡಿಮೆ.

ಸೋಂಕು ನೂರಕ್ಕೆ ಒಬ್ಬಿಬ್ಬರಿಗೆ ಆಗುತ್ತದೆ. ಸಂಖ್ಯೆ ಸಣ್ಣದು, ಆದರೆ ಬಂದರೆ ಕಷ್ಟ ದೊಡ್ಡದು. ಬೇಗ ಗೊತ್ತಾದರೆ ಮತ್ತೆ ತೆರೆದು ತೊಳೆಯುತ್ತಾರೆ. ತಡವಾದರೆ ಹಾಕಿದ್ದನ್ನು ತೆಗೆದು, ವಾರಗಟ್ಟಲೆ ಔಷಧಿ ಕೊಟ್ಟು, ಮತ್ತೆ ಹೊಸದು ಹಾಕಬೇಕಾಗಬಹುದು. ಈ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಎಲ್ಲ ತೊಂದರೆಗಳಲ್ಲಿ ನಮ್ಮ ಕೈಯಲ್ಲಿ ಹೆಚ್ಚು ಇರುವುದೂ ಇದೇ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.5–8ರ ಒಳಗೆ ಬರುವವರೆಗೆ ಕಾಯುವುದು ಒಳ್ಳೆಯದು. ಹುಳುಕು ಹಲ್ಲು, ಒಸಡಿನ ಕೀವು ಮೊದಲು ಸರಿಮಾಡಿಸಬೇಕು. ಮೂತ್ರದ ಉರಿ ಇದ್ದರೆ ತೋರಿಸಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸರಿಮಾಡಿಕೊಳ್ಳಬೇಕು. ಬೀಡಿ–ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಕವಳ (ಎಲೆಅಡಿಕೆ) ಬಿಡುವುದು ನಮ್ಮ ಉತ್ತರ ಕನ್ನಡದ ಕಡೆ ಹಿರಿಯರಿಗೆ ಊಟ ಬಿಟ್ಟಷ್ಟೇ ಕಷ್ಟ, ಗೊತ್ತು. ಅದರೊಳಗಿನ ತಂಬಾಕನ್ನಾದರೂ ಬಿಡಿಸಿ, ಗಾಯ ಬೇಗ ಮಾಯಲು ಅದು ಅಡ್ಡಿ.

ಮತ್ತೆ ಕಾಲ್ಬೆರಳ ಸಂದಿ! ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ಓಡಾಡುವವರಿಗೆ ಕೆಸರುಹುಣ್ಣು ಇದ್ದದ್ದೇ. ಹಿಮ್ಮಡಿ ಒಡೆದಿರುತ್ತದೆ, ಜಿಗಣೆ ಕಚ್ಚಿದಲ್ಲಿ ಕೆರೆದು ಗಾಯವಾಗಿರುತ್ತದೆ. ಇಂಥ ಬಾಯಿಗಳಿಂದಲೇ ಕ್ರಿಮಿ ಒಳಗೆ ಹೋಗುತ್ತದೆ. ಡಾಕ್ಟರು ಮಂಡಿ ಮಾತ್ರ ನೋಡಿದರೆ ಪಾದವನ್ನೂ ನೀವೇ ತೋರಿಸಿ. ಪೂರ್ತಿ ಒಣಗುವವರೆಗೆ ತಾರೀಕು ಮುಂದೆ ಹಾಕಿಸಿದರೆ ನಷ್ಟವೇನೂ ಇಲ್ಲ.

ರಕ್ತ ಹೆಪ್ಪುಗಟ್ಟುವುದು ಇನ್ನೊಂದು. ಕಾಲಿನಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಅದಕ್ಕೇ ಬೇಗ ನಡೆಸುತ್ತಾರೆ, ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ಕೆಲವು ವಾರ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದನ್ನು ನಡುವೆ ನಿಲ್ಲಿಸಬಾರದು. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಿ.

ಯಾರೂ ಮೊದಲೇ ಹೇಳದ ಒಂದು ತೊಂದರೆ ಇದೆ. ಎಲ್ಲವೂ ಸರಿಯಾಗಿ ನಡೆದು, ಎಕ್ಸ್‌ರೇ ಚೆನ್ನಾಗಿ ಬಂದು, ಆದರೂ ಐವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ "ನಾನು ಅಂದುಕೊಂಡಷ್ಟು ಆಗಲಿಲ್ಲ" ಅನ್ನಿಸುತ್ತದೆ. ಕೆಲವರಿಗೆ ನೋವು ಉಳಿಯುತ್ತದೆ, ಕೆಲವರಿಗೆ ಕಾಲು ಬಿಗಿ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಸಾವು, ಸೋಂಕಿಗಿಂತ ಇದರ ಬಗ್ಗೆಯೇ ಮನೆಯಲ್ಲಿ ಹೆಚ್ಚು ಮಾತಾಗಬೇಕು, ಯಾಕೆಂದರೆ ಇದೇ ಹೆಚ್ಚು ಜನರಿಗೆ ಆಗುವುದು. ಬಿಗಿ ಆಗದಂತೆ ತಡೆಯುವುದು ಮೊದಲ ಆರು ವಾರದ ವ್ಯಾಯಾಮ. ಅದು ನೋಯುತ್ತದೆ. ಕಣ್ಣೀರು ಬರುವಷ್ಟು ನೋಯುತ್ತದೆ. ಮನೆಯಲ್ಲಿ ಪಕ್ಕ ಕೂತು ಮಾಡಿಸುವವರು ಒಬ್ಬರಾದರೂ ಬೇಕು. ಊತ, ಬಿಸಿ ಕೆಲವು ತಿಂಗಳು ಇರುತ್ತದೆ. ಗಾಯದ ಹೊರಬದಿಗೆ ಚರ್ಮ ಜೋಮು ಹಿಡಿದಂತೆ ಇರುತ್ತದೆ. ಇವು ಸಹಜ, ಗಾಬರಿ ಬೇಡ. ಪೂರ್ತಿ ಸುಧಾರಿಸಲು ಒಂದು ವರ್ಷವೂ ಹಿಡಿಯಬಹುದು.

"ಹತ್ತು ವರ್ಷಕ್ಕೆ ಮತ್ತೆ ಮಾಡಿಸಬೇಕಂತಲ್ಲ" ಅನ್ನುವ ಮಾತು ಹಳೆಯದಾಯಿತು. 2019ರಲ್ಲಿ ಪ್ರಕಟವಾದ ದೊಡ್ಡ ಲೆಕ್ಕಾಚಾರದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಮಂಡಿಗಳು 25 ವರ್ಷ ಬಾಳಿವೆ. ವಯಸ್ಸು ಇಲ್ಲಿ ಮುಖ್ಯ. ಬ್ರಿಟನ್ನಿನ ದಾಖಲೆಗಳಲ್ಲಿ 70 ದಾಟಿ ಮಾಡಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೆ ಬದಲಾಯಿಸಬೇಕಾದವರು ನೂರಕ್ಕೆ ಐದರಷ್ಟು. 50ರ ಆಸುಪಾಸಿನ ಗಂಡಸರಲ್ಲಿ ಅದು ನೂರಕ್ಕೆ 35ರವರೆಗೆ. ಐವತ್ತರ ಪ್ರಾಯದವರು ಆದಷ್ಟು ತಡೆಯಬೇಕು ಅನ್ನುವುದು ಇದಕ್ಕೇ. 68 ವರ್ಷದವರು ಇನ್ನೂ ಹತ್ತು ವರ್ಷ ತಡೆಯುವುದರಲ್ಲಿ ಮಾತ್ರ ಅರ್ಥ ಕಾಣೆ. ಅಷ್ಟರಲ್ಲಿ ಹೃದಯವೂ ಸ್ನಾಯುವೂ ಸೊರಗಿ, ಆಪರೇಶನ್ ಇನ್ನಷ್ಟು ಕಷ್ಟ ಆಗುತ್ತದೆ.

ನೆಲದ ಮೇಲಿನ ಬದುಕು

ನಮ್ಮ ಕಡೆ ಅರ್ಧ ಬದುಕು ನೆಲದ ಮೇಲೇ ನಡೆಯುತ್ತದೆ. ಅಂಗಳದಲ್ಲಿ ಕೂತು ಅಡಿಕೆ ಸುಲಿಯುವುದು, ಈಳಿಗೆಮಣೆ ಮೇಲೆ ತರಕಾರಿ ಹೆಚ್ಚುವುದು, ಕಾರವಾರ–ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ಮುಂದೆ ಕುಕ್ಕರುಗಾಲಲ್ಲಿ ಕೂತು ಮೀನು, ಸೊಪ್ಪು ಮಾರುವುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವುದು. ಯಕ್ಷಗಾನದ ಕಲಾವಿದರಿಗಂತೂ ಮಂಡಿಯೇ ಬಂಡವಾಳ.

ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 125 ಡಿಗ್ರಿವರೆಗೆ ಮಡಚುತ್ತದೆ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು, ತೋಟಕ್ಕೆ ಇಳಿಯಲು ಇಷ್ಟು ಸಾಕು. ಕುಕ್ಕರುಗಾಲಿಗೆ ಸಾಲುವುದಿಲ್ಲ. ಕೆಲವರಿಗೆ ಅದೂ ಆಗುತ್ತದೆ, ಆದರೆ ದಿನವೂ ಹಾಗೆ ಕೂರಬೇಡಿ ಅಂತಲೇ ಹೆಚ್ಚಿನ ಡಾಕ್ಟರು ಹೇಳುತ್ತಾರೆ. ಮಂಡಿಯೂರಿ ಕೂತರೆ ಬಹಳ ಜನರಿಗೆ ಮುಜುಗರ. "ಹೈ ಫ್ಲೆಕ್ಸ್" ಅನ್ನುವ ವಿಶೇಷ ಮಂಡಿ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂತ ಹೇಳಿದರೂ, ಮಾಮೂಲಿ ಮಂಡಿಗಿಂತ ಅದು ಖಚಿತವಾಗಿ ಮೇಲು ಅಂತ ಅಧ್ಯಯನಗಳಲ್ಲಿ ಕಂಡಿಲ್ಲ.

ಆದ್ದರಿಂದ ಮೀನು ಮಾರುವ ತಾಯಿ ಆಪರೇಶನ್ ಮಾಡಿಸುವುದಾದರೆ ಎತ್ತರದ ಮಣೆ, ಮೇಜು ಇಟ್ಟು ವ್ಯಾಪಾರ ಮಾಡಲು ಸಾಧ್ಯವಾ ಅಂತ ಮೊದಲೇ ಯೋಚಿಸಬೇಕು. ಮನೆಯಲ್ಲಿ ಕಮೋಡ್ ಆಗಲೇಬೇಕು. ಆಸ್ಪತ್ರೆಯಿಂದ ಬರುವ ಮೊದಲು ಬಚ್ಚಲಿಗೆ ಹಿಡಿಕೆ ಹಾಕಿಸಿ. ಅಂಗಳದ ಪಾಚಿ ತಿಕ್ಕಿಸಿ. ತೋಟಕ್ಕೆ ಕಾಲುಸಂಕ ದಾಟಿ ಹೋಗಬೇಕಾದರೆ ಅದಕ್ಕೊಂದು ಕೈಹಿಡಿ ಕಟ್ಟಿಸಿ.

ನಮ್ಮ ಮನೆಯ ಎರಡು ನಿರ್ಧಾರ ಬೇರೆಯಾದದ್ದೂ ಇಲ್ಲೇ. ಆಯಿಗೆ ರಾತ್ರಿ ನಿದ್ದೆಯಿರಲಿಲ್ಲ. ದಿನಾ ಮಾತ್ರೆ ನುಂಗಿ, ಕಿಡ್ನಿ ಸೊರಗಿದ್ದನ್ನು ತೋರಿಸುವ ಕ್ರಿಯೇಟಿನಿನ್ ಏರತೊಡಗಿತ್ತು. ತೋಟ ನೋಡದೆ ತಿಂಗಳುಗಳೇ ಆಗಿದ್ದವು. ಹೃದಯ ಗಟ್ಟಿ ಇತ್ತು, ಸಕ್ಕರೆ ಇರಲಿಲ್ಲ. ಅವಳಿಗೆ ಹೊಸ ಮಂಡಿಯಿಂದ ಬೇಕಾದದ್ದು ನಡಿಗೆ, ನಿದ್ದೆ. ಎರಡೂ ಸಿಕ್ಕವು. ನೆಲಕ್ಕೆ ಕೂರಲು ಆಗುವುದಿಲ್ಲ ಅನ್ನುವ ಬೇಸರ ಇನ್ನೂ ಇದೆ. ಮಾವನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಹೆಚ್ಚು ಕಾಲ ಆಗಿರಲಿಲ್ಲ. ಕೋಲು ಹಿಡಿದು ದೇವಸ್ಥಾನಕ್ಕೆ ಹೋಗಿ ಬರುತ್ತಾರೆ, ಜೆಲ್ ಹಚ್ಚಿದರೆ ರಾತ್ರಿ ನಿದ್ದೆ ಬರುತ್ತದೆ. ಎಕ್ಸ್‌ರೇಯಲ್ಲಿ ಇಬ್ಬರ ಮಂಡಿಯೂ ಒಂದೇ ಥರ ಇತ್ತು.

ಅರ್ಧವೋ ಪೂರ್ತಿಯೋ, ಒಂದೋ ಎರಡೋ

ಮಂಡಿಯ ಒಳಬದಿ ಮಾತ್ರ ಸವೆದು, ಒಳಗಿನ ತಂತುಗಳು ಗಟ್ಟಿ ಇದ್ದರೆ ಅರ್ಧ ಮಂಡಿ ಬದಲಾಯಿಸಬಹುದು. ಬೇಗ ಸುಧಾರಿಸುತ್ತಾರೆ, ಮಡಚುವುದೂ ಚೆನ್ನಾಗಿರುತ್ತದೆ, ಸೋಂಕು–ಹೆಪ್ಪು ಕಡಿಮೆ. ಬಾಳಿಕೆಯಲ್ಲಿ ಹಿಂದೆ: 25 ವರ್ಷ ದಾಟುವುದು ನೂರಕ್ಕೆ ಸುಮಾರು 70. ಎಲ್ಲರಿಗೂ ಇದು ಹೊಂದುವುದಿಲ್ಲ, ಆದರೆ "ನನಗೆ ಆಗುತ್ತದಾ?" ಅಂತ ಕೇಳಲೇಬೇಕು.

ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ಖರ್ಚು, ಓಡಾಟ ಉಳಿಯುತ್ತದೆ. ಆದರೆ ಹೃದಯ–ಶ್ವಾಸಕೋಶದ ಮೇಲೆ ಹೊರೆ ಜಾಸ್ತಿ. ಹೃದಯದ ಕಾಯಿಲೆ ಇದ್ದವರು, 75 ದಾಟಿದವರು ಒಂದೊಂದೇ ಮಾಡಿಸುವುದು ಮೇಲು ಅಂತ ನನ್ನ ಭಾವನೆ. ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ ಒಂದು ಮಂಡಿ 2000ದಲ್ಲಿ, ಇನ್ನೊಂದು 2001ರಲ್ಲಿ ಮಾಡಿಸಿಕೊಂಡಿದ್ದರು. ರೋಬೋಟ್ ಬಳಸಿದರೆ ಅಳತೆ ಇನ್ನಷ್ಟು ನಿಖರ, ನಿಜ. ಮಂಡಿ ಹೆಚ್ಚು ಕಾಲ ಬಾಳುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಅದಕ್ಕಾಗಿ ಸಾಲ ಮಾಡಬೇಡಿ.

ಎಲ್ಲಿ, ಯಾವಾಗ, ಎಷ್ಟಕ್ಕೆ

ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ದನಿ ಎತ್ತಿದ್ದು ನೆನಪಿರಬಹುದು. ದೊಡ್ಡ ಚಿಕಿತ್ಸೆ ಅಂದರೆ ಕಾರವಾರದವರು ಗೋವಾ ಕಡೆ, ಕುಮಟಾ–ಹೊನ್ನಾವರ–ಭಟ್ಕಳದವರು ಮಣಿಪಾಲ–ಮಂಗಳೂರಿಗೆ, ಶಿರಸಿ–ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುವುದು ರೂಢಿ. ಇಂಥ ಆಪರೇಶನ್ ಹೆಚ್ಚು ಮಾಡುವ ಡಾಕ್ಟರು, ಹೆಚ್ಚು ನಡೆಯುವ ಆಸ್ಪತ್ರೆಗಳಲ್ಲಿ ತೊಂದರೆ ಕಡಿಮೆ. ಹಾಗಾಗಿ ಆಪರೇಶನ್ ದೂರದಲ್ಲಾದರೂ ಅಡ್ಡಿಯಿಲ್ಲ. ಫಿಸಿಯೋಥೆರಪಿ ಮಾತ್ರ ಹತ್ತಿರದಲ್ಲೇ ಬೇಕು. ಹೊಲಿಗೆ ಬಿಚ್ಚುವುದು, ಗಾಯ ನೋಡುವುದು ಊರ ಹತ್ತಿರದ ಯಾವ ಡಾಕ್ಟರ ಬಳಿ ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಸ ಮಂಡಿ ಇಟ್ಟುಕೊಂಡು ವಾರ ವಾರ ಇಳಿದು ಹತ್ತುವುದು ಯಾರಿಗೂ ಬೇಡ.

ಕಾಲವನ್ನೂ ನೋಡಿ. ತೋಟದವರಿಗೆ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಮಾಡಿಸಿದರೆ ಮಳೆ ಹಿಡಿಯುವಷ್ಟರಲ್ಲಿ ಕಾಲು ಗಟ್ಟಿಯಾಗಿರುತ್ತದೆ. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುವುದಿಲ್ಲ, ಮನೆಯವರು ಜತೆಗಿರುತ್ತಾರೆ ಅನ್ನುವುದು ಅನುಕೂಲ. ಆದರೆ ಆಗ ರಸ್ತೆ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಮುಚ್ಚಿತ್ತು ಅಂತ ಎಲ್ಲರಿಗೂ ಗೊತ್ತು. ಗಾಯ ಕೆಂಪಾಗಿ ನೀರು ಒಸರಿದರೆ, ಜ್ವರ ಬಂದರೆ ಅದೇ ದಿನ ಆಪರೇಶನ್ ಮಾಡಿದವರಿಗೆ ತೋರಿಸಬೇಕಾಗುತ್ತದೆ. ಸಾಧ್ಯವಾದರೆ ಮಳೆಗಾಲ ತಪ್ಪಿಸಿ.

ಖರ್ಚಿನ ವಿಷಯದಲ್ಲಿ ಒಂದು ತಿಳಿದಿರಲಿ. ಒಳಗೆ ಹಾಕುವ ಮಂಡಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಕಟ್ಟಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ ಮತ್ತು ತೆರಿಗೆ. ಬಿಲ್ಲಿನಲ್ಲಿ ಅದರ ಬೆಲೆ, ಕಂಪನಿ ಬೇರೆಯಾಗಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಇದ್ದವರಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆ ಇರುವ ಆರೋಗ್ಯಮಿತ್ರರನ್ನು ಕಂಡು, ರೆಫರಲ್ ಹೇಗೆ, ಯಾವ ಆಸ್ಪತ್ರೆ ಅಂತ ಕೇಳಿ. ನೇರ ಖಾಸಗಿಗೆ ಹೋಗಿ ಸೇರಿದ ಮೇಲೆ ಕೇಳಿದರೆ ತಡವಾಗುತ್ತದೆ.

ಯಾರಿಗೆ ಯಾವುದು

ರಾತ್ರಿ ನೋವಿಗೆ ಎಚ್ಚರವಾಗುತ್ತದೆ, ಮಾತ್ರೆ ಇಲ್ಲದೆ ದಿನ ಹೋಗುವುದಿಲ್ಲ, ಮೂರು ತಿಂಗಳ ವ್ಯಾಯಾಮ ಆಗಿದೆ, ನಡಿಗೆ ಮನೆಯೊಳಗಷ್ಟೇ ಉಳಿದಿದೆ, ನಿಂತು ತೆಗೆಸಿದ ಎಕ್ಸ್‌ರೇಯಲ್ಲೂ ಸವೆತ ಪೂರ್ತಿ ಇದೆ: ಹೀಗಿದ್ದರೆ ಮಾಡಿಸಿ. ಭಯ ಇದ್ದೇ ಇರುತ್ತದೆ, ಇರಲಿ. ಅದನ್ನು ಸಕ್ಕರೆ, ಹಲ್ಲು, ಪಾದ ಸರಿಮಾಡಿಕೊಳ್ಳುವುದಕ್ಕೆ ಬಳಸಿ.

ನೋವಿದ್ದರೂ ಪೇಟೆಗೆ ಹೋಗಿ ಬರುತ್ತೀರಿ, ನಿದ್ದೆ ಚೆನ್ನಾಗಿದೆ, ಅಥವಾ ವಯಸ್ಸು ಇನ್ನೂ ಐವತ್ತರ ಆಸುಪಾಸು ಅಂದರೆ ತಡೆಯಿರಿ. ಸಕ್ಕರೆ ಹತೋಟಿಯಲ್ಲಿಲ್ಲ, ಕಾಲಲ್ಲಿ ಹುಣ್ಣಿದೆ, ಇತ್ತೀಚೆಗೆ ಹೃದಯಾಘಾತ ಆಗಿದೆ ಅಂದರೆ ಎಷ್ಟೇ ನೋವಿದ್ದರೂ ಈಗ ಬೇಡ, ಮೊದಲು ಅದನ್ನು ನೋಡಿಸಿ. ಮನೆಯಲ್ಲಿ ಮಕ್ಕಳಿಗೆ ಮಾತ್ರ ಆಸೆ ಇದ್ದು, ನೋವಿದ್ದವರಿಗೇ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಆರು ವಾರದ ಆ ವ್ಯಾಯಾಮವನ್ನು ಅವರ ಪರವಾಗಿ ಯಾರೂ ಮಾಡಲಾಗುವುದಿಲ್ಲ.

ಎರಡರ ನಡುವೆ ಸಿಕ್ಕಿಕೊಂಡವರು ಇನ್ನೊಬ್ಬ ಮೂಳೆ ಡಾಕ್ಟರ ಅಭಿಪ್ರಾಯ ಕೇಳಿ. ಹೋಗುವಾಗ ಹಳೆಯ ಫಿಲ್ಮ್, ಈಗ ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ, ಕ್ರಿಯೇಟಿನಿನ್–ಸಕ್ಕರೆಯ ವರದಿ ಒಯ್ಯಿರಿ. "ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ? ನಿಮ್ಮಲ್ಲಿ ಸೋಂಕು ಎಷ್ಟು? ನನ್ನ ಹೃದಯ, ಸಕ್ಕರೆ ನೋಡಿ ನನ್ನ ಅಪಾಯ ಎಷ್ಟು? ಆರು ತಿಂಗಳು ತಡೆದರೆ ಏನು ನಷ್ಟ?" ಅಂತ ಸಂಕೋಚ ಬಿಟ್ಟು ಕೇಳಿ. ಕೊನೆಯ ಪ್ರಶ್ನೆಗೆ ಸಿಟ್ಟಾಗುವ ಡಾಕ್ಟರ ಹತ್ತಿರ ಮಾಡಿಸಬೇಡಿ.